ಹಿಂದಿನ ಬೆಂಚಿನ ಮೇಡಂ

ಉಪ್ಪಲ್, ಹೈದರಾಬಾದ್
೧೮ ಜನವರಿ ೨೦೨೫

ಡಾ. ಸುವರ್ಣಾ ಮೇಡಂ ಅವರಿಗೆ ಅಮರಯ್ಯನ ನಮಸ್ಕಾರಗಳು.

ತಾವು ಹೇಳಿದಂತೆ ಕೈಯಲ್ಲೇ ಬರೆಯುತ್ತಿದ್ದೇನೆ. ಫಾರ್ಮು ತುಂಬುವುದು ಬೇಡ, ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಿ ಬಂದು ಪತ್ರ ಬರೆಯಿರಿ, ಮನೆಯಲ್ಲಿ ಜಗಳಾಡುವ ಭಾಷೆಯಲ್ಲೇ ಬರೆಯಿರಿ ಎಂದು ತರಬೇತಿಯ ಮೊದಲ ದಿನ ತಾವು ಹೇಳಿದಾಗ ಅಧ್ಯಾಪಕರೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ನಗುವುದಕ್ಕೂ ಒಂದು ತರಬೇತಿ ಇಟ್ಟೀರಿ ಎಂಬ ಭಯ.

ಇಪ್ಪತ್ತೇಳು ವರ್ಷ ಇಲ್ಲಿ ರಸಾಯನಶಾಸ್ತ್ರ ಹೇಳಿದವನಿಗೆ 'ವಿದ್ಯಾರ್ಥಿಕೇಂದ್ರಿತ ಬೋಧನೆ' ಕಲಿಸುವ ಭಾಗ್ಯ ತಮ್ಮದಾಯಿತು. ಇದು ವಿಶ್ವವಿದ್ಯಾಲಯವಾಗುವ ಮೊದಲು, ಬರೀ ಕಾಲೇಜಾಗಿದ್ದಾಗ, ತಾವು ನನ್ನ ತರಗತಿಯ ಮೂರನೇ ಸಾಲಿನಲ್ಲಿ ಎರಡು ಜಡೆ ಹಾಕಿಕೊಂಡು ಕೂತಿದ್ದು ನನಗೆ ನೆನಪಿದೆ. ಶಿಷ್ಯನಿಂದ ಸೋಲಬೇಕೆಂದು ಗುರು ಬಯಸಬೇಕು ಎಂದು ಹಿರಿಯರು ಹೇಳಿದ್ದಾರಂತೆ. ಹಾಗೆ ಹೇಳಿದವರನ್ನು ಅವರ ಶಿಷ್ಯೆ ನೆಲದ ಮೇಲೆ ಗುಂಪಾಗಿ ಕೂಡಿಸಿ, ಬಣ್ಣದ ಪೆನ್ನು ಕೊಟ್ಟು ಚಿತ್ರ ಬರೆಸಿರಲಿಕ್ಕಿಲ್ಲ. ನಾವು ಬರೆದ ಚಾರ್ಟುಗಳನ್ನು ಗೋಡೆಯ ತುಂಬ ತೂಗುಹಾಕಿದ್ದು ನೋಡಿ ನನಗೆ ನಾಂಪಲ್ಲಿಯ ನುಮಾಯಿಷ್ ಜಾತ್ರೆಯ ಬೆಡ್‌ಶೀಟ್ ಅಂಗಡಿ ನೆನಪಾಯಿತು.

ಜೋಡಿ ಮಾಡುವಾಗ ಎಲ್ಲರ ಹೆಸರೂ ಎರಡೆರಡಾಗಿ ಬೋರ್ಡು ಏರಿದವು. ನನ್ನದೊಂದೇ ಉಳಿಯಿತು. ಸರ್ ಜೊತೆ ನಾನೇ ಇರುತ್ತೇನೆ, ಇಬ್ಬರದೂ ಕನ್ನಡ ಎಂದು ತಾವು ಅಂದಿರಿ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಮ್ಮ ದಾನೇಶ್ವರಿಗೆ ನನ್ನ ಮೇಲೆ ಕರುಣೆ ಕಡಿಮೆ. "ಯಾರೂ ಬ್ಯಾಡ ಅಂದದ್ದನ್ನ ಆಕಿ ತಗೊಂಡಾಳ. ಅಷ್ಟಕ್ಕ ಸಂತೋಷ ಪಡ್ರಿ" ಅಂದಳು.

ಇನ್ನು ತಮ್ಮ ತರಗತಿ. ಮಾಸ್ತರನ್ನು ನೋಡಬೇಡಿ, ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು ಇಡೀ ಪಿರಿಯಡ್ ಅವನನ್ನೇ ನೋಡಿ ಎಂಬುದು ತಮ್ಮ ನಿಯಮ. ಕೆಂಪು ಅಂಗಿಯವನೊಬ್ಬನನ್ನು ಆರಿಸಿಕೊಂಡೆ. ಅವನು ತಮ್ಮನ್ನೇ ನೋಡುತ್ತಿದ್ದ. ಅವನು ನೋಡಿದ ಕಡೆ ನಾನೂ ನೋಡಿದೆ. ಆಮೇಲೆ ಅವನ ನೆನಪು ಹೋಯಿತು. ತಾವು ಒಂದು ಪ್ರಶ್ನೆ ಹಾಕಿ ಕಿಟಕಿಯ ಹತ್ತಿರ ಹೋಗಿ ಸುಮ್ಮನೆ ನಿಂತಿರಿ. ಹುಡುಗರು ತಮ್ಮ ತಮ್ಮಲ್ಲೇ ಕೂಗಾಡಿ, ಎದ್ದು ಬಂದು ಬೋರ್ಡಿನ ಮೇಲೆ ಗೀಚಿ, ಅಳಿಸಿ, ಕೊನೆಗೆ ಹೇಗೋ ಉತ್ತರ ಮುಟ್ಟಿದರು. ನಾನಾಗಿದ್ದರೆ ಅದನ್ನು ಎರಡು ಮಾತಿನಲ್ಲಿ ಹೇಳುತ್ತಿದ್ದೆ. ಪಿರಿಯಡ್ ಮುಗಿದ ಮೇಲೆ ಅವರೆಲ್ಲ ತಮ್ಮನ್ನು ಸುತ್ತಿಕೊಂಡು ಕ್ಯಾಂಟೀನಿನ ತನಕ ಬಂದರು. ಒಬ್ಬಳು ತಮ್ಮ ಚೀಲ ಹಿಡಿದಿದ್ದಳು. ನನ್ನ ಚೀಲವನ್ನು ಈ ತನಕ ಯಾರೂ ಹಿಡಿದಿಲ್ಲ.

ಬರುವ ವರ್ಷದಿಂದ ಮೊದಲ ವರ್ಷದ ದೊಡ್ಡ ತರಗತಿಯನ್ನು ತರಬೇತಿಯಲ್ಲಿ ಪಾಸಾದವರಿಗೆ ಮಾತ್ರ ಕೊಡುತ್ತಾರೆ, ಉಳಿದವರನ್ನು ಪರೀಕ್ಷಾ ವಿಭಾಗಕ್ಕೆ ಹಾಕುತ್ತಾರೆ ಎಂದು ಕೇಳಿದೆ. ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ. ಆ ಮೂರು ವರ್ಷ ನನ್ನ ಹುಡುಗರ ಮುಂದೆ ನಿಲ್ಲಬೇಕೋ, ಉತ್ತರಪತ್ರಿಕೆಗಳ ಕಟ್ಟು ಕಟ್ಟುತ್ತ ಕೂಡಬೇಕೋ ಎಂಬುದು ತಮ್ಮ ಸಹಿಯ ಮೇಲೆ ನಿಂತಿದೆ. ಗುರುವಿಗೇ ತಿರುಮಂತ್ರ ಅನ್ನುವುದು ಇದಕ್ಕೇ.

ತಮ್ಮ ಹೊಸ ವಿದ್ಯಾರ್ಥಿ,
ಅಮರಯ್ಯ


ಬೋಧನಾ ತರಬೇತಿ ಕೇಂದ್ರ
೨೭ ಜನವರಿ ೨೦೨೫

ಪೂಜ್ಯ ಅಮರಯ್ಯ ಸರ್ ಅವರಿಗೆ,

ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಇನ್ನೊಂದು ಸಲ ಓದಿದಾಗ ನಗು ಬರಲಿಲ್ಲ. ನನ್ನನ್ನು 'ತಾವು' ಅನ್ನಬೇಡಿ ಸರ್. ನಿಮ್ಮ ಬಾಯಲ್ಲಿ ಅದು ಬೈಗುಳದ ಹಾಗೆ ಕೇಳುತ್ತದೆ.

ನನ್ನ ತರಗತಿಯಲ್ಲಿ ನೀವು ನನ್ನ ಚೀಲ ಯಾರು ಹಿಡಿದರು ಎಂಬುದನ್ನೂ ನೋಡಿದ್ದೀರಿ. ಕೆಂಪು ಅಂಗಿಯವನು ಏನು ಕಲಿತ ಎಂಬುದನ್ನು ಮಾತ್ರ ನೋಡಲಿಲ್ಲ. ನಿಮ್ಮ ತರಗತಿ ನೋಡಲು ಬಂದಾಗ ನಾನು ನಿಯಮ ಮುರಿಯಲಿಲ್ಲ. ನಿನ್ನೆ ಮೊನ್ನೆಯವರೆಗೂ ನಾನು ಕೂತಿದ್ದ ಜಾಗ ಎಂಬಂತೆ ಕಂಡಿತು ನಿಮ್ಮ ದೊಡ್ಡ ಹಾಲು. ಫ್ಯಾನು ಬದಲಾಗಿವೆ, ಬೆಂಚು ಅವೇ. ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳ ಬದಿಗೆ ಹೋಗಿ ಕೂತೆ. ಅವಳ ಹೆಸರು ನಾನು ಬರೆಯುವುದಿಲ್ಲ. ನಿಮಗೆ ಗೊತ್ತಿರುತ್ತದೆ.

ಅವಳು ನೀವು ಬರುವ ಮೊದಲೇ ಪುಸ್ತಕ ತೆಗೆದಿಟ್ಟುಕೊಂಡಿದ್ದಳು. ನೀವು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬರೆದುಕೊಂಡಳು. ಕ್ಯಾಟಲಿಸ್ಟ್ ಪಾಠ ಬಂತು. ಯಾವ ವಸ್ತು ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡಿಯೂ ತಾನು ಮಾತ್ರ ಬದಲಾಗದೆ ಉಳಿಯುತ್ತದೋ ಅದೇ ಕ್ಯಾಟಲಿಸ್ಟ್ ಅಂದಿರಿ. ಮದುವೆ ದಲ್ಲಾಳಿಯ ಹಾಗೆ, ಊರ ಮಂದಿಗೆಲ್ಲ ಮದುವೆ ಮಾಡಿಸುತ್ತಾನೆ, ತಾನು ಹೇಗಿದ್ದನೋ ಹಾಗೇ ಇರುತ್ತಾನೆ ಎಂಬ ನಿಮ್ಮ ನಗೆಮಾತು ಬರುವ ಮೊದಲೇ ಆ ಹುಡುಗಿ ನಕ್ಕಳು. ಅದು ಬರುತ್ತದೆಂದು ಸೀನಿಯರುಗಳು ಹೇಳಿಟ್ಟಿದ್ದರಂತೆ.

ನಗು ಮುಗಿದ ಮೇಲೆ ಅವಳು ಕೈ ಎತ್ತಿದಳು. ಪೂರ್ತಿ ಅಲ್ಲ, ಕಿವಿಯ ತನಕ. ನೀವು ಬೋರ್ಡಿನ ಕಡೆ ತಿರುಗಿದ್ದಿರಿ. ಅವಳು ಅದೇ ಕೈಯಿಂದ ಕೂದಲು ಸರಿಮಾಡಿಕೊಂಡು ಕೈ ಇಳಿಸಿದಳು. ಆಮೇಲೆ ಬರೆಯುವುದನ್ನೂ ನಿಲ್ಲಿಸಿದಳು.

ನಾನು ನೋಡಿದ್ದು ಇಷ್ಟೇ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಸುವರ್ಣಾ


ಉಪ್ಪಲ್
೫ ಫೆಬ್ರವರಿ ೨೦೨೫

ಸುವರ್ಣಾ,

'ತಾವು' ಬೇಡ ಅಂದೆಯಲ್ಲ, ಆಯಿತು. ಇನ್ನು ಮುಂದೆ 'ನೀನು'. ಈಗ ಕೇಳು.

ಇಡೀ ಪಿರಿಯಡ್ ನಾನು ಗಂಟಲು ಹರಿದುಕೊಂಡು ಪಾಠ ಹೇಳಿದೆ. ಹಾಲಿನ ಕೊನೆಯ ಮೂಲೆಗೂ ಮೈಕಿಲ್ಲದೆ ಕೇಳಿಸುವ ದನಿ ಈ ಕ್ಯಾಂಪಸ್ಸಿನಲ್ಲಿ ಇನ್ನಾರಿಗಿದೆ? ಅದರ ಬಗ್ಗೆ ಒಂದು ಮಾತಿಲ್ಲ. ನಿನಗೆ ಕಂಡದ್ದು ಒಬ್ಬ ಹುಡುಗಿ ಕೂದಲು ಸರಿಮಾಡಿಕೊಂಡದ್ದು. ಕಿಟಕಿಯ ಪಕ್ಕ ದಿನಕ್ಕೊಬ್ಬರು ಕೂಡುತ್ತಾರೆ, ನಾನು ಯಾರ ಹೆಸರೆಂದು ನೆನಪಿಡಲಿ? ಹಾಜರಿಯನ್ನೂ ಈಗ ಬಾಗಿಲಲ್ಲಿರುವ ಯಂತ್ರ ತೆಗೆದುಕೊಳ್ಳುತ್ತದೆ.

ಆ ಮದುವೆ ದಲ್ಲಾಳಿಯ ಮಾತಿಗೆ ನೀನು ಮೂರನೇ ಸಾಲಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದೆ. ಆಗ ಅದು ಹೊಸದಾಗಿತ್ತು ಅನ್ನುತ್ತೀಯೇನೋ. ಆಗಲೂ ಅದಕ್ಕೆ ಒಂಬತ್ತು ವರ್ಷವಾಗಿತ್ತು. ನೀನು ರಸಾಯನಶಾಸ್ತ್ರ ಹಿಡಿದದ್ದು ನನ್ನಿಂದ ಎಂದು ನಿನ್ನ ಪಿಎಚ್.ಡಿ. ಮುಗಿದಾಗ ನೀನೇ ಬಂದು ಹೇಳಿ, ಪೇಢೆ ಕೊಟ್ಟು ಹೋಗಿದ್ದೆ. ಈಗ ಹಿತ್ತಲ ಗಿಡ ಮದ್ದಲ್ಲ.

ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು? ನೀನು ಕಾರಿಡಾರಿನಲ್ಲಿ ಬಂದರೆ ಹುಡುಗರ ಮುಖ ಅರಳುತ್ತದೆ, ನಾನು ಬಂದರೆ ಮೊಬೈಲು ಜೇಬಿಗೆ ಹೋಗುತ್ತದೆ. ಮೊನ್ನೆ ನನ್ನ ತರಗತಿಯ ಭರತ, ಮುಂದಿನ ಬೆಂಚಿನ ಜಾಣ, ನಿನ್ನ ಬಾಗಿಲ ಮುಂದೆ ನಿಂತಿದ್ದ. ಏನೋ ಅಂದರೆ, ಮೇಡಂ ಹತ್ತಿರ ಒಂದು ಡೌಟು ಸರ್ ಅಂದ. ನನ್ನ ಪಾಠದ ಡೌಟು ನಿನ್ನ ಹತ್ತಿರ! ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ಬುತ್ತಿಯನ್ನು ಇನ್ನೊಬ್ಬರು ಬಿಚ್ಚಿಕೊಂಡು ಉಂಡ ಹಾಗಾಯಿತು.

ವಿದ್ಯಾರ್ಥಿಗಳು ಮಾತಾಡಬೇಕು, ಅಷ್ಟೇ ತಾನೇ? ಇದೇ ತಿಂಗಳ ಇಪ್ಪತ್ತನಾಲ್ಕಕ್ಕೆ ಬಾ. ನಿಮ್ಮ ಡೀನ್ ಸಾಹೇಬರನ್ನೂ ಕರೆದುಕೊಂಡು ಬಾ. ಮಾತಾಡಿಸಿ ತೋರಿಸುತ್ತೇನೆ.

ಅಮರಯ್ಯ


ಉಪ್ಪಲ್
೨೫ ಫೆಬ್ರವರಿ ೨೦೨೫

ಸುವರ್ಣಾ,

ನಿನ್ನೆಯ ತರಗತಿಯ ಬಗ್ಗೆ ನಿನ್ನ ಪತ್ರ ಬರುವ ಮೊದಲೇ ಬರೆಯುತ್ತಿದ್ದೇನೆ. ತಡೆಯಲಾಗಲಿಲ್ಲ.

ಡೀನ್ ಸಾಹೇಬರು ನನ್ನ ಕೈ ಕುಲುಕಿದರು. 'ಇಷ್ಟು ಚುರುಕಾದ ಚರ್ಚೆಯನ್ನು ನಾನು ನೋಡಿಲ್ಲ' ಅಂದರು. ನಿನ್ನ ತರಗತಿಯನ್ನೂ ಅವರು ನೋಡಿದ್ದಾರಲ್ಲವೇ? ಸುಮ್ಮನೆ ಕೇಳಿದೆ.

ಪ್ರಶ್ನೆಯ ಮೇಲೆ ಪ್ರಶ್ನೆ. ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು. ನಾನು ನಡುವೆ ನಿಂತು ಬರೀ 'ನೀನೇನು ಹೇಳುತ್ತೀ, ನೀನೇನು ಹೇಳುತ್ತೀ' ಅನ್ನುತ್ತಿದ್ದೆ. ಕಿಟಕಿಯ ಹತ್ತಿರ ಹೋಗಿ ನಿಂತದ್ದನ್ನೂ ನೀನು ಗಮನಿಸಿರಬೇಕು. ನಡುವೆ ಒಂದು ಕಡೆ ಸ್ವಲ್ಪ ಗಲಿಬಿಲಿಯಾಯಿತು, ಒಬ್ಬ ಹುಡುಗ ಜ್ವರವೆಂದು ಬಂದಿರಲಿಲ್ಲ. ಆದರೂ ಚರ್ಚೆ ನಿಲ್ಲಲಿಲ್ಲ.

ಕುಣಿಯಲಾರದವರು ನೆಲ ಡೊಂಕು ಅಂತಾರೆ. ನಾನು ಕುಣಿದು ತೋರಿಸಿದೆ. ಇನ್ನು ನಿನ್ನ ಸಹಿ.

ಮೊದಲ ವರ್ಷದ ತರಗತಿಯ ಮಾಸ್ತರ,
ಅಮರಯ್ಯ


ಬೋಧನಾ ತರಬೇತಿ ಕೇಂದ್ರ
೬ ಮಾರ್ಚ್ ೨೦೨೫

ಪೂಜ್ಯ ಸರ್ ಅವರಿಗೆ,

ಈ ಪತ್ರವನ್ನು ಬರೆದು ಹರಿದು, ಬರೆದು ಹರಿದು ಇಷ್ಟು ತಡವಾಯಿತು.

ಆ ದಿನದ ಚರ್ಚೆ ನಾಟಕವಾಗಿತ್ತು. ಯಾರು ಯಾವ ಪ್ರಶ್ನೆ ಕೇಳಬೇಕು, ಯಾರು ಅದನ್ನು ಒಪ್ಪಬಾರದು, ಯಾವಾಗ ಎಲ್ಲರೂ ಒಟ್ಟಿಗೆ ಮಾತಾಡಬೇಕು ಎಂಬುದನ್ನೆಲ್ಲ ನೀವು ಮೊದಲೇ ಹಂಚಿಕೊಟ್ಟಿದ್ದಿರಿ. ಡೀನ್ ಅವರಿಗೆ ತಿಳಿಯಲಿಲ್ಲ. ನನಗೆ ತಿಳಿದದ್ದು ನೀವು ಗಲಿಬಿಲಿ ಅಂದಿರಲ್ಲ, ಆ ಜಾಗದಲ್ಲಿ. ಎರಡನೆಯ ಪ್ರಶ್ನೆ ಮುಗಿಯಿತು. ನೀವು ಬಲಗಡೆ ತಿರುಗಿ, "ಒಳ್ಳೆಯ ಪ್ರಶ್ನೆ, ಆನಂದಕುಮಾರ" ಅಂದಿರಿ. ಅಲ್ಲಿ ಆನಂದಕುಮಾರ ಇರಲಿಲ್ಲ, ಖಾಲಿ ಜಾಗವಿತ್ತು. ಯಾರೂ ಏನನ್ನೂ ಕೇಳಿರಲಿಲ್ಲ. ನೀವು ಮಾತ್ರ ಉತ್ತರ ಶುರುಮಾಡಿಬಿಟ್ಟಿದ್ದಿರಿ.

ಆಗ ಭರತ ಎದ್ದು ನಿಂತ. ಆನಂದನಿಗೆ ಹುಷಾರಿಲ್ಲ ಸರ್, ಅವನ ಪ್ರಶ್ನೆ ನನ್ನ ಹತ್ತಿರ ಕಳಿಸಿದ್ದಾನೆ, ನಿಮಗೆ ಬೆಳಿಗ್ಗೆಯೇ ಹೇಳಿದ್ದೆನಲ್ಲ ಎಂದು ತೆಲುಗಿನಲ್ಲಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದ. ಎರಡು ಬೆಂಚಿನವರು ಹೌದು ಹೌದು ಅಂದರು. ಹಿಂದೆ ನಗು ತಡೆಯಲಾಗದವರು ಕೆಮ್ಮಿದರು. ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬರೂ ನಿಮ್ಮನ್ನು ಬಿಟ್ಟುಕೊಡಲಿಲ್ಲ. ಅದನ್ನು ನೋಡಿದಾಗ ನನಗೆ ಏನಾಯಿತು ಎಂಬುದನ್ನು ಈಗ ಬರೆಯುವುದಿಲ್ಲ.

ನಾನು ಕೂತದ್ದು ಅದೇ ಹುಡುಗಿಯ ಪಕ್ಕದಲ್ಲಿ. ಹೆಸರು ಗದಿಗೆಮ್ಮ. ಮನೆ ಜೀಡಿಮೆಟ್ಲಾದಲ್ಲಿ, ಊರು ಕುಷ್ಟಗಿ ಕಡೆಯದು. ಹೌದು ಸರ್, ಕನ್ನಡದವಳು. ವರ್ಷವಿಡೀ ನಿಮ್ಮ ಮುಂದೆ ಕೂತಿದ್ದಾಳೆ. ಎಲ್ಲರೂ ತಮ್ಮ ತಮ್ಮ ಮಾತು ಒಪ್ಪಿಸುವಾಗ ಅವಳು ಮೇಜಿನ ಮೇಲೆ ಗಲ್ಲ ಊರಿ ಕೂತಿದ್ದಳು. ನಿನ್ನದು ಯಾವುದು ಎಂದು ಮೆಲ್ಲಗೆ ಕೇಳಿದೆ.

"ನನಗ ಕೊಟ್ಟಿಲ್ಲರಿ ಮೇಡಂ. ಮುಂದಿನ ಬೆಂಚಿನವರಿಗೆ ಅಷ್ಟ ಕೊಟ್ಟಾರ. ಸರ್‌ಗೆ ನನ್ನ ಹೆಸರು ಗೊತ್ತಿಲ್ಲ. ಕೊಟ್ಟಿದ್ರ ಅವರಕಿಂತ ಚಲೋ ಮಾಡ್ತಿದ್ನಿ" ಅಂದಳು. ಅವಳ ಕಣ್ಣು ಭರತನ ಮೇಲೇ ಇತ್ತು. ಹೊಟ್ಟೆಕಿಚ್ಚು ನಿಮ್ಮೊಬ್ಬರ ಆಸ್ತಿಯಲ್ಲ.

ಜನವರಿಯಲ್ಲಿ ಕೈ ಎತ್ತಿದಾಗ ಏನು ಕೇಳಬೇಕೆಂದಿದ್ದೆ ಎಂದು ಕೇಳಿದೆ. ಹೇಳಿದಳು. ಒಳ್ಳೆಯ ಪ್ರಶ್ನೆ. ಖಾಲಿ ಜಾಗಕ್ಕೆ ನೀವು ಹೇಳಿದ ಮಾತನ್ನು ಇದಕ್ಕೆ ಹೇಳಿದ್ದರೆ ಒಪ್ಪುತ್ತಿತ್ತು. ಆ ಪ್ರಶ್ನೆ ಏನೆಂದು ನಾನು ಬರೆಯುವುದಿಲ್ಲ. ಅದು ನಿಮಗೆ ಎತ್ತಿಟ್ಟದ್ದು.

ಸಹಿ ಹಾಕಬೇಕಾದ ಹಾಳೆ ನನ್ನ ಮೇಜಿನ ಮೇಲಿದೆ. ಹಾಕಿಲ್ಲ.

ಸುವರ್ಣಾ


ಉಪ್ಪಲ್
೨೨ ಮಾರ್ಚ್ ೨೦೨೫

ಸುವರ್ಣಾ,

ನಿನ್ನ ಪತ್ರ ಬಂದ ಮೇಲೆ ನಾನು ಸ್ಟಾಫ್ ರೂಮಿಗೆ ಬರುವುದನ್ನು ಬಿಟ್ಟಿದ್ದೆ. ನೀನು ಎರಡು ಸಲ ಹುಡುಕಿಕೊಂಡು ಬಂದೆ ಎಂದು ಅಟೆಂಡರ್ ಅಂಬಣ್ಣ ಹೇಳಿದ. ಲ್ಯಾಬಿನ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟೆ.

ನಾಚಿಕೆಯಾಯಿತು. ಆದರೆ ನಿನಗೆ ನಿಜ ಹೇಳುತ್ತೇನೆ, ನಾಚಿಕೆಗಿಂತ ಹೊಟ್ಟೆಯುರಿ ಹೆಚ್ಚಾಯಿತು. ನಾಟಕ ಗೊತ್ತಾದದ್ದಕ್ಕಲ್ಲ. ಆ ಪ್ರಶ್ನೆ ನಿನ್ನ ಹತ್ತಿರ ಇರುವುದಕ್ಕೆ. ಅದು ಹುಟ್ಟಿದ್ದು ನನ್ನ ಪಾಠದಲ್ಲಿ. ನನ್ನ ಹಾಲಿನಲ್ಲಿ, ನನ್ನ ದನಿ ಕೇಳಿ, ನನ್ನ ಬೆನ್ನು ನೋಡಿ ಅವಳಿಗೆ ಅದು ಹೊಳೆದದ್ದು. ನೀನು ಬಂದು ಪಕ್ಕದಲ್ಲಿ ಕೂತು ಎತ್ತಿಕೊಂಡು ಹೋದೆ. ಭರತನ ಡೌಟು ಹೋದರೆ ಹೋಗಲಿ. ಇದು ನಮ್ಮ ಕುಷ್ಟಗಿಯ ಹುಡುಗಿ, ನಾನು ಲಿಂಗಸುಗೂರಿನವನು, ನಡುವೆ ಎಷ್ಟು ದೂರವಿದೆ?

ಎಷ್ಟೋ ಸಲ ಅವಳನ್ನು ನಿಲ್ಲಿಸಿ ಕೇಳಬೇಕೆಂದು ಹೊರಟೆ. ಒಂದು ದಿನ ಬಸ್ ಸ್ಟಾಪಿನ ತನಕ ಹಿಂದೆ ನಡೆದೆ. ಆಮೇಲೆ ಮುದುಕ ಮಾಸ್ತರ ಹುಡುಗಿಯ ಹಿಂದೆ ಬಿದ್ದ ಎಂದು ಯಾರಾದರೂ ಅಂದಾರೆಂದು ತಿರುಗಿ ಬಂದೆ. ಕರೆದು ಕೇಳಿದರೆ ಹೆದರಿ, ಏನಿಲ್ಲರಿ ಸರ್ ಅಂದುಬಿಡುತ್ತಾಳೆ. ಅಷ್ಟು ನನಗೆ ಗೊತ್ತಿದೆ.

ದಾನೇಶ್ವರಿಗೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ನೀವು ಮನ್ಯಾಗೂ ಹಂಗ ಅದೀರಿ. ನಾ ಕೇಳೂದು ಮುಗಿಯೂದರಾಗ ಉತ್ತರ ಕೊಟ್ಟಿರ್ತೀರಿ" ಅಂದಳು. ಅದಕ್ಕೂ ನಾನು ಒಂದು ಉತ್ತರ ಕೊಡುವುದರಲ್ಲಿದ್ದೆ.

ಕರುಣೆಯಿಂದ ಸಹಿ ಹಾಕಬೇಡ. ಪರೀಕ್ಷಾ ವಿಭಾಗಕ್ಕೆ ಹಾಕುವುದಿದ್ದರೆ ಹಾಕು. ಆದರೆ ಯುಗಾದಿ ಆದ ಮೇಲೆ ಒಂದು ಸಲ ಬಾ. ಡೀನ್ ಬೇಡ. ಯಾರಿಗೂ ಏನೂ ಹೇಳಿಕೊಟ್ಟಿರುವುದಿಲ್ಲ. ಮತ್ತೆ ಕ್ಯಾಟಲಿಸ್ಟನ್ನೇ ತೆಗೆದುಕೊಳ್ಳುತ್ತೇನೆ. ನೀನು ಎಲ್ಲಿ ಕೂಡುತ್ತೀ ಎಂಬುದು ನನಗೆ ಗೊತ್ತು.

ಅಮರಯ್ಯ


ಬೋಧನಾ ತರಬೇತಿ ಕೇಂದ್ರ
೧೨ ಏಪ್ರಿಲ್ ೨೦೨೫

ಪೂಜ್ಯ ಸರ್ ಅವರಿಗೆ,

ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನೀವು ಬಂದು ಪಾಠದ ಹೆಸರು ಬರೆದು, ಕ್ಯಾಟಲಿಸ್ಟ್ ಬದಲಾಗುವುದಿಲ್ಲ ಎಂದು ನಾನು ಹೇಳಿದ್ದೆ, ಅದರಲ್ಲಿ ಯಾರಿಗಾದರೂ ಅನುಮಾನವಿದೆಯೇ ಎಂದು ಕೇಳಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತಿರಿ. ಇದು ಯಾವ ಹೊಸ ನಾಟಕ, ನಮ್ಮ ಮಾತು ಯಾವುದು ಎಂದು ಮುಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಪಕ್ಕದಲ್ಲಿ ಕೈ ಎದ್ದಿತು, ಕಿವಿಯ ತನಕ. ನೀವು ನೋಡಿದಿರಿ. ನೋಡಿಯೂ ಅವಸರ ಮಾಡಲಿಲ್ಲ. "ಕೇಳವಾ ಗದಿಗೆಮ್ಮ, ನನಗೇನ್ ಅವಸರ ಇಲ್ಲ" ಅಂದಿರಿ, ಕನ್ನಡದಲ್ಲಿ. ಇಡೀ ಹಾಲು ಹಿಂದೆ ತಿರುಗಿತು. ತನ್ನ ಹೆಸರು ನಿಮ್ಮ ಬಾಯಿಂದ ಬಂದದ್ದಕ್ಕೆ ಅವಳ ಕಿವಿ ಕೆಂಪಾದವು.

ಅವಳು ಕೇಳಿದ್ದು ತೆಲುಗಿನಲ್ಲಿ. ಕ್ಯಾಟಲಿಸ್ಟಿಗೆ ಏನೂ ಆಗುವುದಿಲ್ಲ ಅಂದರೆ, ನಮ್ಮ ಜೀಡಿಮೆಟ್ಲಾದ ಕಾರ್ಖಾನೆಯಿಂದ ಹಳೆಯ ಕ್ಯಾಟಲಿಸ್ಟಿನ ಡ್ರಮ್ಮುಗಳು ಲಾರಿ ತುಂಬ ಹೊರಗೆ ಹೋಗುತ್ತವೆ, ಹೊಸದು ಒಳಗೆ ಬರುತ್ತದೆ, ಅದು ಯಾಕೆ ಸರ್?

ನಿಮ್ಮ ಬಾಯಿ ತೆರೆಯಿತು. ಉತ್ತರ ನಿಮ್ಮ ನಾಲಿಗೆಯ ಮೇಲಿತ್ತು, ನನಗೆ ಕಂಡಿತು. ನನ್ನ ನಾಲಿಗೆಯ ಮೇಲೂ ಇತ್ತು. ಹುಡುಗರೆಲ್ಲ ಬರೆದುಕೊಳ್ಳಲು ಪೆನ್ನು ಹಿಡಿದರು. ನೀವು ಬಾಯಿ ಮುಚ್ಚಿಕೊಂಡು, ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿರಿ. ಒಬ್ಬ, ಅದಕ್ಕೂ ಸುಸ್ತಾಗುತ್ತದೇನೋ ಅಂದ. ಇನ್ನೊಬ್ಬಳು, ವಸ್ತುವಿಗೆ ಎಂಥ ಸುಸ್ತು ಎಂದು ಜಗಳ ತೆಗೆದಳು. ಈ ಸಲ ಆನಂದಕುಮಾರ ಹಾಜರಿದ್ದ. ಅದರ ಮೈಮೇಲೆ ಬೇರೆ ಏನೋ ಬಂದು ಕೂತು ಜಾಗ ಮುಚ್ಚಿಬಿಡುತ್ತದೆ, ಕೆಲಸ ನಡೆಯಲು ಎಡೆ ಸಿಗುವುದಿಲ್ಲ ಎಂದು ಅವನೇ ಹೇಳಿದ. ಅದೇ ಸರಿ ಎಂದು ನಿಮಗೂ ನನಗೂ ಗೊತ್ತು. ನೀವು ಸರಿ ಅನ್ನಲಿಲ್ಲ. ಹಾಗಿದ್ದರೆ ಏನು ಬಂದು ಕೂಡುತ್ತದೆ ಎಂದು ಕೇಳಿದಿರಿ. ಕೊನೆಗೆ, ಹಾಗಾದರೆ ನನ್ನ ಮದುವೆ ದಲ್ಲಾಳಿಗೂ ಏನೋ ಆಗುತ್ತದೆ ಅಂತಾಯಿತು ಎಂದಿರಿ. ಎಲ್ಲರೂ ನಕ್ಕರು. ಯಾರಿಗೂ ಮೊದಲೇ ಗೊತ್ತಿರದ ನಗು ಅದು. ಎರಡು ಜಡೆಯ ದಿನಗಳಂತೆಯೇ ನಾನೂ ನಕ್ಕೆ.

ಈಗ ನನ್ನದು. ನೀವು ಮುಚ್ಚಿಡಲಿಲ್ಲ, ನಾನೇಕೆ ಮುಚ್ಚಿಡಲಿ?

ಬರುವ ವರ್ಷದ ಆ ದೊಡ್ಡ ತರಗತಿಗೆ ಅರ್ಜಿ ಹಾಕಿದ್ದು ನಾನೇ ಸರ್. ನಿಮ್ಮ ಹೆಸರು ಬಿಟ್ಟುಹೋದರೆ ನನಗೆ ಸಿಗುತ್ತಿತ್ತು. ನಾನು ಸಹಿ ಹಾಕದಿದ್ದುದಕ್ಕೆ ನಾಟಕ ಒಂದು ಕಾರಣ, ಇದು ಇನ್ನೊಂದು. ಫೆಬ್ರವರಿಯಲ್ಲಿ ನನ್ನ ಪ್ರಯೋಗವೊಂದು ಕೈಕೊಟ್ಟು ಗಾಜಿನ ಪಾತ್ರೆ ಒಡೆಯಿತು. ನನ್ನ ಸುತ್ತ ತಿರುಗುವ, ನನ್ನ ಚೀಲ ಹಿಡಿಯುವ ಆ ಹುಡುಗರು ಮೊಬೈಲು ತೆಗೆದು ಚಿತ್ರ ಹಿಡಿದರು, ಅದು ಸಂಜೆಯೊಳಗೆ ಎಲ್ಲರ ಫೋನಿಗೂ ಹೋಯಿತು. ಆಮೇಲೆ ನಿಮ್ಮ ಹಾಲಿನಲ್ಲಿ ಭರತ ಎದ್ದು ನಿಂತು ನಿಮ್ಮ ಮಾನ ಕಾಯ್ದದ್ದನ್ನು ನೋಡಿದೆ. ನನ್ನ ತರಗತಿಯ ಮಕ್ಕಳು ನನ್ನ ಹತ್ತಿರ ಚೆನ್ನಾಗಿ ಮಾತಾಡುತ್ತಾರೆ. ನನಗಾಗಿ ಒಂದು ಸುಳ್ಳು ಹೇಳುವವರು ಅವರಲ್ಲಿ ಯಾರೂ ಇಲ್ಲ. ಆ ದಿನ ನಿಮ್ಮ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಬರೆಯಲು ಆಗದೆ ಪತ್ರ ಹರಿದೆ.

ಗದಿಗೆಮ್ಮನೊಬ್ಬಳು ನನ್ನವಳು ಅಂದುಕೊಂಡಿದ್ದೆ. ನಾನೇ ಆರಿಸಿಕೊಂಡವಳು, ನಾನೇ ಪಕ್ಕದಲ್ಲಿ ಕೂತು ನೋಡಿದವಳು. ಗಂಟೆ ಹೊಡೆದದ್ದೇ ಚೀಲ ಎತ್ತಿಕೊಂಡು, ಇನ್ನೂ ಏನೋ ವಾದ ಉಳಿದವಳ ಹಾಗೆ ನಿಮ್ಮ ಮೇಜಿಗೆ ಓಡಿದಳು. ಅವಳ ಪೆನ್ನು ಬೆಂಚಿನ ಮೇಲೇ ಉಳಿಯಿತು. ನಾನು ಅದನ್ನು ಹಿಡಿದುಕೊಂಡು ನಿಂತಿದ್ದೆ. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.

ಹಾಳೆಗೆ ಸಹಿ ಹಾಕಿದ್ದೇನೆ, ನನ್ನ ಅರ್ಜಿ ಹಿಂದೆ ತೆಗೆದುಕೊಂಡಿದ್ದೇನೆ. ತರಗತಿ ನಿಮ್ಮದು. ಕರುಣೆಯಿಂದಲ್ಲ. ಆದರೆ ಇನ್ನು ನಿಮ್ಮ ಹಾಲಿಗೆ ನಾನು ಬರುವುದಿಲ್ಲ. ಕಾರಣ ಕೇಳಬೇಡಿ, ನಿಮಗೆ ಪರಿಚಯವಿರುವ ಕಾಯಿಲೆಯೇ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಸುವರ್ಣಾ


ಉಪ್ಪಲ್
೨೪ ಏಪ್ರಿಲ್ ೨೦೨೫

ಪ್ರೀತಿಯ ಸುವರ್ಣಾ,

ಸಹಿಯ ಸುದ್ದಿ ಓದಿ ದಾನೇಶ್ವರಿ ಹೋಳಿಗೆ ಮಾಡಿದಳು. ನಿನ್ನ ಪಾಲಿನದು ಅಂಬಣ್ಣನ ಕೈಯಲ್ಲಿ ಈ ಪತ್ರದ ಜೊತೆ ಬರುತ್ತದೆ. ತುಪ್ಪ ಬೇರೆ ಡಬ್ಬಿಯಲ್ಲಿದೆ.

ನೀನು ಹೊಟ್ಟೆಕಿಚ್ಚು ಪಟ್ಟದ್ದನ್ನು ಓದಿ ನನಗೆ ಭಾರೀ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಎರಡು ದಿನ ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೆಟ್ರೋದಲ್ಲಿ ನಿಂತುಕೊಂಡು ಮತ್ತೆ ಓದಿದೆ. ಆ ಖುಷಿ ಮೂರನೆಯ ದಿನಕ್ಕೆ ಮುಗಿಯಿತು. ಹೇಗೆ ಅಂದರೆ, ಹೀಗೆ.

ಸೋಮವಾರದ ತರಗತಿಗೆ ಗದಿಗೆಮ್ಮ ಮುಂದಿನ ಬೆಂಚಿಗೆ ಬರುತ್ತಾಳೆ ಅಂದುಕೊಂಡಿದ್ದೆ. ಭರತನಿಗೆ ಹೇಳಿ ಜಾಗವನ್ನೂ ಬಿಡಿಸಿದ್ದೆ. ಅವಳು ಬರಲಿಲ್ಲ. ಹಿಂದೆ ಹೋಗಿ ಅದೇ ಕಿಟಕಿಯ ಪಕ್ಕ ಕೂತಳು. ಪಕ್ಕದಲ್ಲಿ ಚೀಲ ಇಟ್ಟುಕೊಂಡಳು. ಯಾರೋ ಅಲ್ಲಿ ಕೂಡಲು ಹೋದರೆ, ಇಲ್ಲಿ ಬರುವವರಿದ್ದಾರೆ ಅಂದಳು. ಪಾಠ ಶುರುವಾಯಿತು, ಬಾಗಿಲ ಕಡೆ ನೋಡಿದಳು. ನಾನು ಅವಳೊಬ್ಬಳನ್ನೇ ನೋಡುತ್ತಿದ್ದೆ. ನಿನ್ನ ನಿಯಮ ನನಗೆ ಈಗ ಬಂದಿದೆ.

ಅರ್ಧ ಪಾಠ ಆದಮೇಲೆ ಕೈ ಎತ್ತಿದಳು. ಈ ಸಲ ಪೂರ್ತಿ ಎತ್ತಿದಳು. ನಾನು ಎದೆಯುಬ್ಬಿಸಿ, ಕೇಳವಾ ಅಂದೆ.

"ಸರ್, ಹಿಂದಿನ ಬೆಂಚಿನ ಮೇಡಂ ಯಾಕ ಬಂದಿಲ್ಲರಿ?"

ಪೆನ್ನಿನ ಮಾತೇ ಎತ್ತಲಿಲ್ಲ. ನಿನ್ನನ್ನೇ ಕೇಳಿದಳು. ಹೊಟ್ಟೆಯಲ್ಲಿ ಬೆಂಕಿ ಬಿತ್ತು ನನಗೆ. ಉತ್ತರ ನಾಲಿಗೆಯ ಮೇಲಿತ್ತು, ನೀನೇ ಬರೆದು ಕೊಟ್ಟದ್ದು. ಆದರೆ ಉತ್ತರ ಹೇಳಿಬಿಡಬಾರದೆಂದು ಈ ಊರಿನಲ್ಲಿ ನನಗೆ ಕಲಿಸಿದವಳು ಯಾರು? ಮೇಜಿನ ಅಂಚು ಹಿಡಿದುಕೊಂಡು ನಿಂತೆ. ಇಡೀ ಹಾಲು ಬಾಗಿಲ ಕಡೆ ತಿರುಗಿ ಕೂತಿತು.

ಮುಂದಿನ ತರಗತಿ ಸೋಮವಾರ ಹತ್ತು ಗಂಟೆಗೆ. ಜಾಗ ಅವಳು ಹಿಡಿದಿರುತ್ತಾಳೆ. ಬರುವಾಗ ಅವಳ ಪೆನ್ನು ತಾ.

ನಿನ್ನ
ಅಮರಯ್ಯ ಸರ್